ಕಲ್ಲು ಬರೆದ ಹೆಸರು, ಕಾಗದ ಬಿಟ್ಟ ಹೆಸರು

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರಿಗೆ ಗೈಡುಗಳು ತಪ್ಪದೆ ತೋರಿಸುವುದು ದರ್ಪಣಸುಂದರಿಯನ್ನು. ಕನ್ನಡಿ ಹಿಡಿದು ನಿಂತ ಆ ಮದನಿಕೆಗೆ ರಾಣಿ ಶಾಂತಲೆಯೇ ರೂಪದರ್ಶಿಯಾಗಿದ್ದಳು ಎಂಬ ಮಾತೂ ಜೊತೆಗೆ ಬರುತ್ತದೆ. ಅದಕ್ಕೆ ಶಾಸನದ ಆಧಾರವಿಲ್ಲ. ಆಧಾರವಿರುವ ಸಂಗತಿ ಅದೇ ಪ್ರಾಕಾರದೊಳಗೆ ಪಕ್ಕದಲ್ಲೇ ಇದೆ. ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಶಾಂತಲೆ. 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿ ಕಟ್ಟಿಸಿ, ಅದಕ್ಕೆ ತನ್ನ ಬಿರುದನ್ನೇ ಇಟ್ಟವಳೂ ಅವಳೇ. ಕಟ್ಟಿಸಿದ್ದು ಶಾಸನದಲ್ಲಿದೆ, ಕನ್ನಡಿ ಹಿಡಿದದ್ದು ಬರೀ ಕತೆಯಲ್ಲಿದೆ. ಜನರ ನಾಲಗೆಯ ಮೇಲೆ ಉಳಿದದ್ದು ಕತೆ.

ವಾಸ್ತುಶಿಲ್ಪದ ಚರಿತ್ರೆಯಲ್ಲಿ ಹೆಂಗಸರ ಪಾಲನ್ನು ಗುರುತಿಸುವ ಕೆಲಸ ಕಳೆದ ಐವತ್ತು ವರ್ಷಗಳಿಂದ ಜಗತ್ತಿನ ಹಲವೆಡೆ ನಡೆಯುತ್ತಿದೆ. ಆ ಪಾಲು ಚರಿತ್ರೆಯಲ್ಲಿ ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆಗೆ ಉತ್ತರಗಳೂ ಹಲವು ಬಂದಿವೆ. ಹೆಂಗಸರು ಇರಲೇ ಇಲ್ಲ, ಅವಕಾಶ ಸಿಗಲಿಲ್ಲ ಎನ್ನುವವರಿದ್ದಾರೆ. ಇದ್ದರು, ಆದರೆ ಹೆಸರು ಅಳಿಸಿಹೋಯಿತು ಎನ್ನುವವರಿದ್ದಾರೆ. ಚರಿತ್ರೆ 'ವಾಸ್ತುಶಿಲ್ಪಿ' ಎಂದು ಯಾರನ್ನು ಎಣಿಸುತ್ತದೆಯೋ ಆ ಎಣಿಕೆಯೇ ತಪ್ಪು ಎನ್ನುವವರೂ ಇದ್ದಾರೆ. ಮೂರರಲ್ಲೂ ನಿಜವಿದೆ, ಆದರೆ ಎಲ್ಲ ಕಾಲಕ್ಕೂ ಒಂದೇ ಉತ್ತರ ಸಲ್ಲುವುದಿಲ್ಲ. ಮರೆವಿಗೂ ಒಂದು ವಿಧಾನವಿದೆ. ದಾಖಲೆ ಇಡುವ ರೀತಿ ಬದಲಾದಂತೆಲ್ಲ ಮರೆವಿನ ರೀತಿಯೂ ಬದಲಾಗಿದೆ.

ಕಟ್ಟಿಸಿದವರು

ಪಟ್ಟದಕಲ್ಲಿನಿಂದ ಶುರು ಮಾಡಬಹುದು. ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಎಂಟನೆಯ ಶತಮಾನದ ನಡುಭಾಗದಲ್ಲಿ ಅಲ್ಲಿ ಎರಡು ದೊಡ್ಡ ದೇವಾಲಯಗಳು ಎದ್ದವು. ಒಂದನ್ನು ಕಟ್ಟಿಸಿದವಳು ಪಟ್ಟದರಾಣಿ ಲೋಕಮಹಾದೇವಿ. ಇನ್ನೊಂದನ್ನು ಕಟ್ಟಿಸಿದವಳು ಅವಳ ತಂಗಿ, ಅದೇ ರಾಜನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ. ಇಬ್ಬರೂ ಹೈಹಯ ವಂಶದ ಹೆಣ್ಣುಮಕ್ಕಳು. ಗುಡಿಗಳಿಗೆ ಮೊದಲಿದ್ದ ಹೆಸರು ಲೋಕೇಶ್ವರ ಮತ್ತು ತ್ರೈಲೋಕೇಶ್ವರ. ಕಾಲ ಸರಿದಂತೆ ಅವು ವಿರೂಪಾಕ್ಷ, ಮಲ್ಲಿಕಾರ್ಜುನ ಆದವು. ಗುಡಿಯ ಹೆಸರಿನಲ್ಲೇ ಕೂತಿದ್ದ ರಾಣಿಯರು ಹೀಗೆ ಮೊದಲ ಸಲ ಕಣ್ಮರೆಯಾದರು.

ವಿರೂಪಾಕ್ಷ ದೇವಾಲಯದ ಪೂರ್ವದ ಹೆಬ್ಬಾಗಿಲ ಬಳಿಯ ಕನ್ನಡ ಶಾಸನಗಳನ್ನು ಹತ್ತಿರದಿಂದ ನೋಡಬೇಕು. ಇದು ಕಂಚಿಯನ್ನು ಮೂರು ಸಲ ಗೆದ್ದ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯ ಗುಡಿ ಎಂದು ಒಂದು ಹೇಳುತ್ತದೆ. ಗುಡಿಯ ಸೂತ್ರಧಾರಿ ಗುಂಡ ಎಂಬ ಅನಿವಾರಿತಾಚಾರಿ, ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟರು ಎಂದೂ ಅಲ್ಲಿದೆ. ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬ ಸೂತ್ರಧಾರಿಯ ಹೊಗಳಿಕೆಯೂ ಇದೆ. ಗುಡಿಯ ಗಾಯಕರಿಗೆ ಹಿಂದಿನ ಅರಸ ವಿಜಯಾದಿತ್ಯ ಕೊಟ್ಟಿದ್ದ ಹಕ್ಕುಗಳನ್ನು ಲೋಕಮಹಾದೇವಿ ಸ್ಥಿರಪಡಿಸಿದಳು ಎನ್ನುವ ಶಾಸನವೂ ಉಂಟು. ಕಟ್ಟಿಸಿದವಳು, ಯೋಜನೆ ಹಾಕಿದವನು, ಕಟ್ಟಿದ ಮೇಲೆ ಅಲ್ಲಿ ಹಾಡುವವರು, ಎಲ್ಲರಿಗೂ ಆ ಕಲ್ಲಿನಲ್ಲಿ ಜಾಗವಿತ್ತು. ಒಬ್ಬರ ಹೆಸರು ಬರೆಯಲು ಇನ್ನೊಬ್ಬರ ಹೆಸರು ಬಿಡಬೇಕು ಎಂಬ ನಿಯಮವಿರಲಿಲ್ಲ.

ಇಂಥ ಉದಾಹರಣೆ ಒಂದೆರಡಲ್ಲ. ಲಕ್ಕುಂಡಿಯ ಬ್ರಹ್ಮ ಜಿನಾಲಯ ಅತ್ತಿಮಬ್ಬೆ ಕಟ್ಟಿಸಿದ್ದು. ಅಲ್ಲಿನ ಶಾಸನದ ಕಾಲ 1007. ರನ್ನನಿಂದ ಅಜಿತಪುರಾಣ ಬರೆಸಿದವಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಎಂದು ಅವಳು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಅಳಿಯದೆ ಉಳಿದಿದ್ದಾಳೆ. ವಾಸ್ತುಚರಿತ್ರೆಯಲ್ಲಿ ಅವಳಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ತಮಿಳುನಾಡಿನಲ್ಲಿ ಹತ್ತನೆಯ ಶತಮಾನದ ಚೋಳ ರಾಣಿ ಸೆಂಬಿಯನ್ ಮಹಾದೇವಿ ಇಟ್ಟಿಗೆಯ ಹಳೆಯ ಗುಡಿಗಳನ್ನು ಒಂದೊಂದಾಗಿ ಕಲ್ಲಿನಲ್ಲಿ ಕಟ್ಟಿಸಿದಳು. ಚೋಳ ಶೈಲಿ ಕೈಗೂಡಿದ್ದು ಆ ಗುಡಿಗಳಲ್ಲಿ, ಆದರೆ ಪಠ್ಯಪುಸ್ತಕದಲ್ಲಿ ಚೋಳ ವಾಸ್ತು ಎಂದರೆ ರಾಜರಾಜನ ತಂಜಾವೂರು. ಗುಜರಾತಿನ ಪಾಟಣದಲ್ಲಿ ಗಂಡ ಒಂದನೆಯ ಭೀಮನ ನೆನಪಿಗೆ ರಾಣಿ ಉದಯಮತಿ ಹನ್ನೊಂದನೆಯ ಶತಮಾನದಲ್ಲಿ ಕಟ್ಟಿಸಿದ ಏಳು ಅಂತಸ್ತಿನ ಮೆಟ್ಟಿಲುಬಾವಿ 2014ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು, 2018ರಿಂದ ನೂರು ರೂಪಾಯಿ ನೋಟಿನ ಹಿಂಬದಿಯಲ್ಲಿದೆ. 'ರಾಣಿ ಕಿ ವಾವ್' ಎಂಬ ಹೆಸರು ಎಲ್ಲರ ಬಾಯಲ್ಲಿದೆ, ಯಾವ ರಾಣಿ ಎಂದು ಕೇಳಿದರೆ ಉತ್ತರಿಸುವವರು ಕಡಿಮೆ.

ಮೊಗಲರ ಕಾಲದಲ್ಲೂ ಇದೇ ಕತೆ. ಆಗ್ರಾದ ಇತ್ಮಾದುದ್ದೌಲನ ಗೋರಿಯನ್ನು 1622ರಿಂದ 1628ರ ನಡುವೆ ಕಟ್ಟಿಸಿದವಳು ಅವನ ಮಗಳು ನೂರ್‌ಜಹಾನ್. ಬಿಳಿ ಅಮೃತಶಿಲೆಯ ಮೇಲೆ ಬಣ್ಣದ ಕಲ್ಲುಗಳನ್ನು ಕೂರಿಸುವ ಕೆಲಸ ಅಲ್ಲಿ ಆ ಮಟ್ಟಕ್ಕೆ ಬಂದ ಮೇಲೆಯೇ ತಾಜಮಹಲ್ ಎದ್ದದ್ದು. ದೆಹಲಿಯ ಚಾಂದನಿ ಚೌಕ್ ಷಹಜಹಾನನ ಮಗಳು ಜಹನಾರಾ 1650ರಲ್ಲಿ ಮಾಡಿಸಿದ ಪೇಟೆ. ಹುಮಾಯೂನನ ಗೋರಿಯ ಕೀರ್ತಿ ಅವನ ಹೆಂಡತಿ ಬೇಗಾ ಬೇಗಂಗೆ ಸಲ್ಲುತ್ತದೆ ಎಂಬುದು ಬಹುಕಾಲದ ನಂಬಿಕೆ. ಅದು ಮುಖ್ಯವಾಗಿ ಅಕ್ಬರನ ಯೋಜನೆ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ಹಣ ಕೊಟ್ಟವಳು ವಾಸ್ತುಶಿಲ್ಪಿ ಹೇಗಾದಾಳು? ನ್ಯಾಯವಾದ ಪ್ರಶ್ನೆ. ಆದರೆ ಅದನ್ನು ಎರಡೂ ಕಡೆಗೆ ಕೇಳಬೇಕು. ತಾಜಮಹಲನ್ನು ಷಹಜಹಾನ್ ಕಟ್ಟಿದ, ಬೃಹದೀಶ್ವರವನ್ನು ರಾಜರಾಜ ಕಟ್ಟಿದ ಎನ್ನುವಾಗ ಯಾರಿಗೂ ಈ ಅನುಮಾನ ಬರುವುದಿಲ್ಲ. ಅರಸನಾದರೆ 'ಕಟ್ಟಿದ', ಅರಸಿಯಾದರೆ 'ದಾನ ಕೊಟ್ಟಳು' ಎಂದು ಬರೆಯುವ ಅಭ್ಯಾಸವನ್ನು ಮೊದಲು ಬಿಡಬೇಕು. ಜಾಗ, ಅಳತೆ, ಶೈಲಿ, ಕುಶಲಕರ್ಮಿಗಳ ಆಯ್ಕೆ ಇವನ್ನೆಲ್ಲ ತೀರ್ಮಾನಿಸುವುದರಲ್ಲಿ ಕಟ್ಟಿಸುವವರ ಮಾತು ದೊಡ್ಡದಿತ್ತು ಎನ್ನುವುದಾದರೆ ಅದು ಇಬ್ಬರಿಗೂ ಅನ್ವಯಿಸಬೇಕು.

ಕಲ್ಲಿನ ದಾಖಲೆಯನ್ನು ತೀರ ಹೊಗಳುವುದೂ ಬೇಡ. ಅದು ರಾಣಿಯರನ್ನು, ದಂಡನಾಯಕರ ಮನೆಯ ಹೆಂಗಸರನ್ನು ಕಂಡಿತು. ಕಲ್ಲು ಹೊತ್ತವಳನ್ನು ಕಾಣಲಿಲ್ಲ. ಬೇಲೂರಿನ ವಿಗ್ರಹಗಳ ಕೆಳಗೆ ದಾಸೋಜ, ಚಾವಣ ಮೊದಲಾದ ರೂವಾರಿಗಳು ಹೆಸರು ಕೆತ್ತಿಕೊಂಡರು. ಅವರ ಮನೆಯ ಹೆಂಗಸರು ಕಾರ್ಖಾನೆಯಲ್ಲಿ ಏನು ಮಾಡುತ್ತಿದ್ದರು ಎನ್ನುವುದಕ್ಕೆ ಆ ಕಲ್ಲಿನಲ್ಲಿ ಉತ್ತರವಿಲ್ಲ.

ಬಾಗಿಲು ಕಾಯ್ದ ಪ್ರಮಾಣಪತ್ರ

ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪು ಅಮೆರಿಕಗಳಲ್ಲಿ ವಾಸ್ತುಶಿಲ್ಪ ಒಂದು ವೃತ್ತಿಯಾಯಿತು. ಕಾಲೇಜು, ಪರೀಕ್ಷೆ, ಸಂಘದ ಸದಸ್ಯತ್ವ, ಲೈಸೆನ್ಸು ಬಂದವು. ಕಟ್ಟಡಕ್ಕೆ ಒಬ್ಬ ಕರ್ತೃ ಇರಬೇಕು, ನಕ್ಷೆಯ ಮೂಲೆಯಲ್ಲಿ ಅವನ ಸಹಿ ಇರಬೇಕು ಎಂಬ ಪದ್ಧತಿ ಗಟ್ಟಿಯಾಯಿತು. ಅದಕ್ಕೂ ಮುಂಚೆ ಹೆಂಗಸರು ಈ ಕೆಲಸ ಮಾಡಿರಲಿಲ್ಲವೆಂದಲ್ಲ. ಹದಿನೇಳನೆಯ ಶತಮಾನದ ರೋಮಿನಲ್ಲಿ ಪ್ಲಾವುತಿಲ್ಲಾ ಬ್ರಿಚ್ಚಿ ಒಂದು ವಿಲ್ಲಾ ಮತ್ತು ಒಂದು ಚರ್ಚಿನೊಳಗಿನ ಪ್ರಾರ್ಥನಾಗೃಹದ ವಿನ್ಯಾಸ ಮಾಡಿದ್ದಳು. ಆದರೆ ಹೊಸ ಪದ್ಧತಿಯಲ್ಲಿ ಬಾಗಿಲಿಗೆ ಕಾವಲು ಬಂತು. ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ನಿನ ಶಾಲೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1917ರಲ್ಲಿ.

ಒಳಗೆ ಹೋದವರ ಕತೆಯೂ ಸುಗಮವಲ್ಲ. 1893ರ ಷಿಕಾಗೊ ವಿಶ್ವ ಮೇಳದಲ್ಲಿ ಮಹಿಳೆಯರ ಸಾಧನೆ ತೋರಿಸಲು ಒಂದು ಕಟ್ಟಡ ಬೇಕಾಯಿತು. ಅದಕ್ಕೆ ಮಹಿಳಾ ವಾಸ್ತುಶಿಲ್ಪಿಗಳಿಗಷ್ಟೇ ಸ್ಪರ್ಧೆ ಇಟ್ಟರು. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯ ಮೊದಲ ಮಹಿಳಾ ಸದಸ್ಯೆ ಲೂಯಿಸ್ ಬೆಥ್ಯೂನ್ ಸ್ಪರ್ಧಿಸಲು ಒಪ್ಪಲಿಲ್ಲ. ಇತರ ಕಟ್ಟಡಗಳಿಗೆ ಗಂಡಸರಿಗೆ ಕೊಡುವ ಸಂಭಾವನೆಗಿಂತ ಇಲ್ಲಿ ಬಹಳ ಕಡಿಮೆ, ಅದೇ ಕೆಲಸಕ್ಕೆ ಅದೇ ಹಣ ಸಿಗಬೇಕು ಎನ್ನುವುದು ಅವಳ ಕಾರಣ. ಗೆದ್ದವಳು ಎಂಐಟಿಯಲ್ಲಿ 1890ರಲ್ಲಿ ಪದವಿ ಪಡೆದ ಸೋಫಿಯಾ ಹೇಡನ್. ಕೆಲಸ ನಡೆದಷ್ಟು ದಿನವೂ ಸಮಿತಿಯ ಹಸ್ತಕ್ಷೇಪ ನಿಲ್ಲಲಿಲ್ಲ, ಅವಳ ಆರೋಗ್ಯ ಕೆಟ್ಟಿತು. ಹೆಂಗಸರ ಮೈಮನಸ್ಸಿಗೆ ಈ ವೃತ್ತಿ ಒಗ್ಗುವುದಿಲ್ಲ ಎನ್ನುವುದಕ್ಕೆ ಪತ್ರಿಕೆಗಳು ಅದನ್ನೇ ಸಾಕ್ಷಿ ಮಾಡಿಕೊಂಡವು. ಗಂಡಸೊಬ್ಬ ಸುಸ್ತಾಗಿದ್ದರೆ ಗಂಡಸು ಜಾತಿಯೇ ಸೋತಿತೆಂದು ಯಾರೂ ಬರೆಯುತ್ತಿರಲಿಲ್ಲ.

ಜೂಲಿಯಾ ಮಾರ್ಗನ್ 1898ರಲ್ಲಿ ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್‌ನ ವಾಸ್ತುಶಿಲ್ಪ ವಿಭಾಗ ಸೇರಿದ ಮೊದಲ ಮಹಿಳೆ. 1902ರಲ್ಲಿ ಓದು ಮುಗಿಸಿ ಕ್ಯಾಲಿಫೋರ್ನಿಯಾಕ್ಕೆ ಮರಳಿ, 1904ರಲ್ಲಿ ಮಿಲ್ಸ್ ಕಾಲೇಜಿಗೆ ಆಗ ಹೊಸದಾಗಿದ್ದ ಬಲವರ್ಧಿತ ಕಾಂಕ್ರೀಟಿನಲ್ಲಿ ಗಂಟೆಗೋಪುರ ಕಟ್ಟಿದಳು. 1906ರ ಭೂಕಂಪ ಸ್ಯಾನ್ ಫ್ರಾನ್ಸಿಸ್ಕೊವನ್ನು ನೆಲಸಮ ಮಾಡಿದಾಗ ಆ ಗೋಪುರ ಅಲುಗದೆ ನಿಂತಿತು. ಮುಂದೆ ಹರ್ಸ್ಟ್ ಕ್ಯಾಸಲ್ ಸೇರಿ ಸುಮಾರು 700 ಕಟ್ಟಡ. ಅಷ್ಟು ಮಾಡಿಯೂ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯ ಚಿನ್ನದ ಪದಕ ಬಂದದ್ದು 2014ರಲ್ಲಿ, ಅವಳು ತೀರಿಕೊಂಡು 57 ವರ್ಷವಾದ ಮೇಲೆ. 1907ರಿಂದ ಕೊಡುತ್ತಿರುವ ಆ ಪದಕ ಅಲ್ಲಿಯತನಕ ಯಾವ ಮಹಿಳೆಗೂ ಸಂದಿರಲಿಲ್ಲ.

ಜೊತೆಗಾರರ ಲೆಕ್ಕ

ಬಾಗಿಲು ತೆರೆದ ಮೇಲೂ ಹೆಸರು ಕಳೆಯುವುದು ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದ ಆಧುನಿಕ ವಾಸ್ತುವಿನಲ್ಲಿ ಹೆಂಗಸರು ಹೆಚ್ಚಾಗಿ ಜೋಡಿಯಾಗಿ ದುಡಿದರು: ಗಂಡನ ಜೊತೆ, ಸಂಗಾತಿಯ ಜೊತೆ, ಹಿರಿಯ ವಾಸ್ತುಶಿಲ್ಪಿಯ ಕಚೇರಿಯಲ್ಲಿ. ಅಲ್ಲಿ ಒಂದೊಂದು ಪ್ರಕರಣದಲ್ಲಿ ಹೆಸರು ಒಂದೊಂದು ರೀತಿಯಲ್ಲಿ ಜಾರಿತು.

ಮೊದಲ ರೀತಿ, ರೇಖೆ ಒಬ್ಬರದು, ಸಹಿ ಇನ್ನೊಬ್ಬರದು. ಮೇರಿಯನ್ ಮಹೋನಿ 1894ರಲ್ಲಿ ಎಂಐಟಿಯಲ್ಲಿ ಓದು ಮುಗಿಸಿ, ಆಮೇಲೆ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್‌ನ ಕಚೇರಿ ಸೇರಿದವಳು. 1910ರಲ್ಲಿ ಬರ್ಲಿನ್ನಿನಲ್ಲಿ ಅಚ್ಚಾದ ವಾಸ್ಮುತ್ ಸಂಪುಟ ರೈಟ್‌ನನ್ನು ಯುರೋಪಿಗೆ ಪರಿಚಯಿಸಿತು. ಗಿಡಮರಗಳ ನಡುವೆ ಮನೆಯನ್ನು ಅಡಗಿಸಿ ತೋರಿಸುವ ಅದರ ಚಿತ್ರಗಳಲ್ಲಿ ಅರ್ಧದಷ್ಟು ಅವಳ ಕೈಯವು ಎಂದು ಎಣಿಸಲಾಗಿದೆ. ಜನ ಅದನ್ನು ರೈಟ್‌ನ ರೇಖೆ ಎಂದೇ ಮೆಚ್ಚಿದರು. ಆಮೇಲೆ ಗಂಡ ವಾಲ್ಟರ್ ಬರ್ಲಿ ಗ್ರಿಫಿನ್ ಜೊತೆ ಅವಳು ಆಸ್ಟ್ರೇಲಿಯದ ಹೊಸ ರಾಜಧಾನಿ ಕ್ಯಾನ್‌ಬೆರಾದ ಸ್ಪರ್ಧೆಗೆ ದುಡಿದಳು. 1912ರಲ್ಲಿ ಗೆದ್ದ ಆ ಯೋಜನೆಯ ದೊಡ್ಡ ಚಿತ್ರಗಳು ಅವಳವು, ಗೆದ್ದವನೆಂದು ಘೋಷಣೆಯಾದದ್ದು ಗಂಡ. ಭಾರತಕ್ಕೂ ಇವರಿಗೂ ನಂಟಿದೆ. 1935ರಲ್ಲಿ ಲಕ್ನೋಗೆ ಬಂದ ಗ್ರಿಫಿನ್ ಕೈತುಂಬ ಕೆಲಸ ಸಿಕ್ಕು ಹೆಂಡತಿಯನ್ನು ಕರೆಸಿಕೊಂಡ. ಮರುವರ್ಷ ಬಂದ ಅವಳು ಪಯನೀರ್ ಪತ್ರಿಕೆಯ ಕಟ್ಟಡವೂ ಸೇರಿದಂತೆ ಹಲವು ಯೋಜನೆಗಳಲ್ಲಿ ಕೈಜೋಡಿಸಿದಳು. 1937ರ ಫೆಬ್ರವರಿಯಲ್ಲಿ ಗ್ರಿಫಿನ್ ಅಲ್ಲೇ ತೀರಿಕೊಂಡ.

ಎರಡನೆಯ ರೀತಿ, ಮನೆಯನ್ನೇ ಇನ್ನೊಬ್ಬರ ಲೆಕ್ಕಕ್ಕೆ ಬರೆಯುವುದು. ಐರ್ಲೆಂಡಿನಲ್ಲಿ ಹುಟ್ಟಿದ ಐಲೀನ್ ಗ್ರೇ ದಕ್ಷಿಣ ಫ್ರಾನ್ಸಿನ ಕಡಲ ದಂಡೆಯಲ್ಲಿ 1926ರಿಂದ 1929ರ ನಡುವೆ ಇ-1027 ಎಂಬ ಮನೆ ಕಟ್ಟಿದಳು. ಸಂಗಾತಿ ಜಾನ್ ಬಡೋವಿಚಿಗಾಗಿ ಕಟ್ಟಿದ ಆ ಮನೆಯಲ್ಲಿ ಕಿಟಕಿ, ಮಂಚ, ಮೇಜು, ದೀಪ ಎಲ್ಲವೂ ಅವಳ ವಿನ್ಯಾಸ. 1930ರ ದಶಕದ ಕೊನೆಗೆ, ಅವಳು ಬಿಟ್ಟುಹೋದ ಮೇಲೆ, ಪ್ರಸಿದ್ಧ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಬಂದು ಅದರ ಬರಿಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆದ. ಅವಳ ಒಪ್ಪಿಗೆ ಕೇಳಲಿಲ್ಲ. ಅದರಿಂದ ಅವಳಿಗೆ ತೀರ ನೋವಾಯಿತು. ದಶಕಗಟ್ಟಲೆ ಆ ಮನೆಯ ಕೀರ್ತಿ ಬಡೋವಿಚಿಗೆ, ಒಮ್ಮೊಮ್ಮೆ ಕಾರ್ಬೂಸಿಯೆಗೇ ಹೋಯಿತು. ಅದೇ ಕಾರ್ಬೂಸಿಯೆಯ ಕಚೇರಿಗೆ 1927ರಲ್ಲಿ ಕೆಲಸ ಕೇಳಿ ಹೋದ ಶಾರ್ಲೊಟ್ ಪೆರಿಯಾಂಗೆ, ಇಲ್ಲಿ ನಾವು ದಿಂಬಿಗೆ ಕಸೂತಿ ಹಾಕುವುದಿಲ್ಲ ಎಂಬರ್ಥದ ಉತ್ತರ ಸಿಕ್ಕಿತಂತೆ. ಅವಳ ಒಂದು ಪ್ರದರ್ಶನ ನೋಡಿ ಆಮೇಲೆ ಅವನೇ ಕರೆಸಿಕೊಂಡ. ಕಾರ್ಬೂಸಿಯೆಯ ಹೆಸರಿನಲ್ಲಿ ಇಂದಿಗೂ ಮಾರುವ ಉಕ್ಕಿನ ಕೊಳವೆಯ ಕುರ್ಚಿಗಳಲ್ಲಿ ಅವಳ ಪಾಲು ದೊಡ್ಡದು.

ಮೂರನೆಯದು ಇನ್ನೂ ವಿಚಿತ್ರ. ಜರ್ಮನ್ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಜೊತೆ 1929ರ ಬಾರ್ಸಿಲೋನಾ ಪ್ರದರ್ಶನದ ಜರ್ಮನ್ ವಿಭಾಗದ ಹೊಣೆ ಹೊತ್ತವಳು ಲಿಲಿ ರೈಕ್. ಮೀಸ್ ಅಮೆರಿಕಕ್ಕೆ ಹೋದ, ಅವಳು ಬರ್ಲಿನ್ನಿನಲ್ಲಿ ಉಳಿದಳು. ಯುದ್ಧದ ಬಾಂಬುಗಳಿಗೆ ಸಿಗದಂತೆ ಅವನ ಸಾವಿರಾರು ನಕ್ಷೆಗಳನ್ನು ತನ್ನವುಗಳ ಜೊತೆ ಬೇರೆ ಊರಿಗೆ ಸಾಗಿಸಿ ಕಾಪಾಡಿದಳು. ಮೀಸ್‌ನ ಜರ್ಮನಿಯ ದಿನಗಳ ಬಗ್ಗೆ ನಮಗೆ ಇಷ್ಟು ತಿಳಿದಿರುವುದಕ್ಕೆ ಅವಳೇ ಕಾರಣ. ಅವಳ ನಕ್ಷೆಗಳು ಮಾತ್ರ ಮೀಸ್‌ನ ಸಂಗ್ರಹದ ಒಂದು ಭಾಗವಾಗಿ ನ್ಯೂಯಾರ್ಕಿನ ಮ್ಯೂಸಿಯಂ ಸೇರಿದವು.

ನಾಲ್ಕನೆಯದು ಬಹುಮಾನದ ನಿಯಮ. 1991ರ ಪ್ರಿಟ್ಜ್‌ಕರ್ ವಾಸ್ತುಶಿಲ್ಪ ಪ್ರಶಸ್ತಿ ರಾಬರ್ಟ್ ವೆಂಚೂರಿ ಒಬ್ಬನಿಗೇ ಬಂತು. ಲಾಸ್ ವೇಗಾಸ್ ಕುರಿತ ಪ್ರಸಿದ್ಧ ಪುಸ್ತಕದ ಸಹಲೇಖಕಿ, ಕಚೇರಿಯ ಪಾಲುದಾರೆ, ಹೆಂಡತಿ ಡೆನಿಸ್ ಸ್ಕಾಟ್ ಬ್ರೌನ್ ಅದರಲ್ಲಿ ಇರಲಿಲ್ಲ. ಅವಳು ಸಮಾರಂಭಕ್ಕೆ ಹೋಗಲಿಲ್ಲ. ವಾಸ್ತುಶಿಲ್ಪ ಲೋಕದ ತಾರಾಪೂಜೆ ಹೆಂಗಸರನ್ನು ಹೇಗೆ ಹೊರಗಿಡುತ್ತದೆ ಎಂದು ಅವಳು ಅದಕ್ಕೂ ಮೊದಲೇ, 1989ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ವಿವರವಾಗಿ ಬರೆದಿದ್ದಳು. 2013ರಲ್ಲಿ ಹಾರ್ವರ್ಡಿನ ಇಬ್ಬರು ವಿದ್ಯಾರ್ಥಿನಿಯರು ತಪ್ಪನ್ನು ತಿದ್ದಿ ಎಂದು ಅರ್ಜಿ ಹಾಕಿದರು, ಸಾವಿರಾರು ಜನ ಸಹಿ ಹಾಕಿದರು. ಹಿಂದಿನ ತೀರ್ಪುಗಾರರ ನಿರ್ಧಾರವನ್ನು ಈಗಿನವರು ಬದಲಿಸಲಾಗದು ಎಂದು ಸಂಸ್ಥೆ ಉತ್ತರ ಕೊಟ್ಟಿತು. ಅದೇ ವರ್ಷ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಒಟ್ಟಿಗೆ ದುಡಿದ ಇಬ್ಬರಿಗೂ ಚಿನ್ನದ ಪದಕ ಕೊಡಬಹುದೆಂದು ತನ್ನ ನಿಯಮವನ್ನೇ ತಿದ್ದಿತು. 2016ರಲ್ಲಿ ಅದು ಇಬ್ಬರಿಗೂ ಸಂದಿತು. ಒಂದು ಸಂಸ್ಥೆ ಆಗುವುದಿಲ್ಲ ಎಂದದ್ದನ್ನು ಇನ್ನೊಂದು ಮಾಡಿ ತೋರಿಸಿತು. 1979ರಲ್ಲಿ ಶುರುವಾದ ಪ್ರಿಟ್ಜ್‌ಕರ್ 2025ರವರೆಗೆ ಆರು ಮಹಿಳೆಯರಿಗೆ ಬಂದಿದೆ. ಯಾರೊಂದಿಗೂ ಹಂಚಿಕೊಳ್ಳದೆ ಪಡೆದವಳು 2004ರ ಜಹಾ ಹದೀದ್ ಒಬ್ಬಳೇ.

ಈ ಜೋಡಿಗಳ ನಡುವೆ ಯಾವ ಗೆರೆ ಯಾರದು ಎಂದು ಬಿಡಿಸಲು ಹೊರಟರೆ ಕೊನೆ ಸಿಗದು. ಬಿಡಿಸಲು ಆಗುವುದಿಲ್ಲ ಎನ್ನುವುದೇ ಇಬ್ಬರ ಹೆಸರನ್ನೂ ಬರೆಯಲು ಸಾಕಷ್ಟು ಕಾರಣ.

ಗುರುತಿಸುವುದರಲ್ಲೂ ಒಂದು ಕಷ್ಟವಿದೆ. ಮಾರ್ಗರೆಟ್ ಷೂಟ್ ಲಿಹೋಟ್ಸ್‌ಕಿ 1926ರಲ್ಲಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆ ಇವತ್ತಿನ ಮಾಡ್ಯುಲರ್ ಕಿಚನ್ನಿನ ಅಜ್ಜಿ. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಜಾಗದಲ್ಲಿ ಹೆಜ್ಜೆ ಲೆಕ್ಕ ಹಾಕಿ ಒಲೆ, ತೊಟ್ಟಿ, ಕಪಾಟು ಜೋಡಿಸಿದಳು. ಕಾರ್ಮಿಕರ ವಸತಿಗಳಲ್ಲಿ ಸುಮಾರು ಹತ್ತು ಸಾವಿರ ಅಡುಗೆಮನೆಗಳು ಹೀಗೆ ಆದವು. ಆದರೆ ನಾಜಿಗಳ ವಿರುದ್ಧ ಹೋರಾಡಿ ಜೈಲು ಕಂಡ, ಶಿಶುವಿಹಾರ, ಶಾಲೆ, ವಸತಿಗಳನ್ನು ಕಟ್ಟಿದ, 102 ವರ್ಷ ಬಾಳಿದ ಅವಳನ್ನು ಲೋಕ ಅಡುಗೆಮನೆಯಲ್ಲೇ ನಿಲ್ಲಿಸಿತು. ಅದು ಅವಳಿಗೂ ಬೇಸರ ತಂದಿತ್ತು.

ನಮ್ಮ ಉಪಖಂಡ

ದಕ್ಷಿಣ ಏಷ್ಯಾದಲ್ಲಿ ಈ ಚರಿತ್ರೆಗೆ ಬೆಂಗಳೂರಿನ ಒಂದು ಕಚೇರಿಯೂ ಸೇರುತ್ತದೆ. ಶ್ರೀಲಂಕಾದ ಕ್ಯಾಂಡಿಯಲ್ಲಿ 1918ರಲ್ಲಿ ಹುಟ್ಟಿದ ಮಿನೆಟ್ ಡಿ ಸಿಲ್ವಾ ವಾಸ್ತುಶಿಲ್ಪ ಕಲಿಯಲು ಬೊಂಬಾಯಿಗೆ ಬಂದಳು. ಸ್ವಾತಂತ್ರ್ಯ ಚಳವಳಿಯ ದಿನಗಳು. ವಿದ್ಯಾರ್ಥಿಗಳ ಪ್ರತಿಭಟನೆ ಸೇರಿದ್ದಕ್ಕೆ ಅವಳ ಓದು ನಿಂತಿತು. ಆಗ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಒಟ್ಟೊ ಕೋನಿಗ್ಸ್‌ಬರ್ಗರ್ ಅವರ ಬೆಂಗಳೂರಿನ ಕಚೇರಿಯಲ್ಲಿ ಕೆಲಸ ಮಾಡಿದಳು. ಬೊಂಬಾಯಿಯ 'ಮಾರ್ಗ್' ಪತ್ರಿಕೆಯ ಆರಂಭದ ಬಳಗದಲ್ಲಿ ಅಕ್ಕ ಅನಿಲ್ ಜೊತೆ ಅವಳೂ ಇದ್ದಳು. 1948ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪಿಗಳ ರಾಯಲ್ ಇನ್‌ಸ್ಟಿಟ್ಯೂಟಿನ ಸದಸ್ಯತ್ವ ಪಡೆದ ಏಷ್ಯಾದ ಮೊದಲ ಮಹಿಳೆಯಾದಳು.

ಊರಿಗೆ ಮರಳಿ ಕ್ಯಾಂಡಿಯ ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ಕರುಣಾರತ್ನೆ ಮನೆ ಅವಳ ವಿಚಾರವನ್ನು ಚೆನ್ನಾಗಿ ತೋರಿಸುತ್ತದೆ. ಇಳಿಜಾರನ್ನು ಕಡಿದು ಮಟ್ಟ ಮಾಡದೆ ಮನೆಯನ್ನೇ ಹಂತ ಹಂತವಾಗಿ ಇಳಿಸಿದಳು. ಆಧುನಿಕ ರಚನೆಯೊಳಗೆ ದುಂಬರದ ನೇಕಾರರ ಚಾಪೆ, ಸ್ಥಳೀಯ ಕುಶಲಕರ್ಮಿಗಳ ಸುಟ್ಟ ಮಣ್ಣಿನ ಬಿಲ್ಲೆ ಬಂದವು. ಈ ನೆಲದ ಹವೆಗೂ ಕಸುಬಿಗೂ ಒಗ್ಗುವ ಆಧುನಿಕತೆಯನ್ನು ಅವಳು 1950ರ ಹೊತ್ತಿಗೇ ಬರೆದೂ ಕಟ್ಟಿಯೂ ತೋರಿಸಿದ್ದಳು. 1950ರ ದಶಕದ ಕೊನೆಯಲ್ಲಿ ಕ್ಯಾಂಡಿಯ ವಟಪುಲುವ ವಸತಿಗೆ ನಕ್ಷೆ ಹಾಕುವ ಮುನ್ನ, ಅಲ್ಲಿ ವಾಸಿಸಲಿರುವ ಸಂಸಾರಗಳ ಜೊತೆ ಕೂತು ಅವರಿಗೇನು ಬೇಕೆಂದು ಕೇಳಿದಳು. ಇದೇ ದಾರಿಯಲ್ಲಿ ಆಮೇಲೆ ಬಂದ ಜೆಫ್ರಿ ಬಾವಾ ಜಗತ್ಪ್ರಸಿದ್ಧನಾದ. ಅವನ ಪ್ರತಿಭೆ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ದಾರಿ ತೆಗೆದವಳು 1998ರಲ್ಲಿ ಕ್ಯಾಂಡಿಯಲ್ಲಿ ಬಹುಮಟ್ಟಿಗೆ ಮರೆತುಹೋದ ಸ್ಥಿತಿಯಲ್ಲಿ ತೀರಿಕೊಂಡಳು. ಅವಳ ಕೆಲವು ಮುಖ್ಯ ಕಟ್ಟಡಗಳು ಉಳಿದಿಲ್ಲ.

ಭಾರತದಲ್ಲಿ ಪೆರಿನ್ ಮಿಸ್ತ್ರಿ 1936ರಲ್ಲಿ ಬೊಂಬಾಯಿಯ ಜೆ.ಜೆ. ಶಾಲೆಯಿಂದ ವಾಸ್ತುಶಿಲ್ಪದ ಡಿಪ್ಲೊಮಾ ಪಡೆದ ಮೊದಲ ಮಹಿಳೆ ಎನಿಸಿದಳು. ಚಂಡೀಗಢ ಎಂದರೆ ಕಾರ್ಬೂಸಿಯೆ ಎನ್ನುತ್ತೇವೆ. ಆ ನಗರದ ಜನ ದಿನವೂ ಬಳಸುವ ಮನೆ, ಶಾಲೆ, ಆಸ್ಪತ್ರೆಗಳ ವಿನ್ಯಾಸದಲ್ಲಿ ದುಡಿದವಳು ಜೇನ್ ಡ್ರೂ. ಸಿಡ್ನಿಯಲ್ಲಿ ಕಲಿತು 1951ರಲ್ಲಿ ಚಂಡೀಗಢದ ತಂಡ ಸೇರಿದ ಊರ್ಮಿಳಾ ಯೂಲಿ ಚೌಧುರಿ ಅಲ್ಲಿನ ಮಹಿಳಾ ಪಾಲಿಟೆಕ್ನಿಕ್ಕಿನಂಥ ಕಟ್ಟಡಗಳನ್ನು ರೂಪಿಸಿದಳು, ಮುಂದೆ ಪಂಜಾಬಿನ ಮುಖ್ಯ ವಾಸ್ತುಶಿಲ್ಪಿಯಾದಳು. ಚಂಡೀಗಢದ ಸರ್ಕಾರಿ ಕಚೇರಿಗಳಿಗೆ ಮಾಡಿಸಿದ ಮರದ ಕುರ್ಚಿಗಳು ಈಗ ವಿದೇಶದ ಹರಾಜುಗಳಲ್ಲಿ ಅದೇ ತಂಡದ ಪಿಯರ್ ಜೀನರೆ ಹೆಸರಿನಲ್ಲಿ ಲಕ್ಷಗಟ್ಟಲೆ ಬೆಲೆಗೆ ಹೋಗುತ್ತವೆ. ಅವುಗಳಲ್ಲಿ ಕೆಲವುಗಳ ವಿನ್ಯಾಸದಲ್ಲಿ ಚೌಧುರಿಯ ಪಾಲಿತ್ತು ಎನ್ನುವುದನ್ನು ಈಚೆಗೆ ಒಪ್ಪುತ್ತಿದ್ದಾರೆ. ಮುಂಬಯಿಯ ಆಚೆ ದಡದಲ್ಲಿ ಹೊಸ ನಗರ ಬೇಕೆಂದು 1960ರ ದಶಕದ ನಡುವಿನಲ್ಲಿ ಚಾರ್ಲ್ಸ್ ಕೊರಿಯಾ, ಶಿರೀಷ್ ಪಟೇಲ್ ಮತ್ತು ಪ್ರವೀಣಾ ಮೆಹ್ತಾ ಮೂವರೂ ಸೇರಿ ಯೋಜನೆ ಮುಂದಿಟ್ಟರು. ನವಿ ಮುಂಬಯಿಯ ಮಾತು ಬಂದಾಗ ಮೊದಲು ಬಿಟ್ಟುಹೋಗುವ ಹೆಸರು ಮೂರನೆಯದು.

ಈಚಿನ ತಲೆಮಾರಿನಲ್ಲಿ ಚಿತ್ರ ಬದಲಾಗಿದೆ. ಮಣ್ಣಿನ ಕಟ್ಟಡಗಳಿಗೆ ಗೌರವ ತಂದ ರೇವತಿ ಕಾಮತ್, ಮುಂಬಯಿಯ ಬೃಂದಾ ಸೋಮಯ, ಬೆಂಗಳೂರಿನಲ್ಲಿ ಮಣ್ಣಿನ ಇಟ್ಟಿಗೆಯ ಮನೆಗಳನ್ನೂ ಮಳೆನೀರು ಕೊಯ್ಲನ್ನೂ ಒಂದುಗೂಡಿಸಿದ ಚಿತ್ರಾ ವಿಶ್ವನಾಥ್ ಇವರೆಲ್ಲ ತಮ್ಮದೇ ಹೆಸರಿನಲ್ಲಿ ಪ್ರಸಿದ್ಧರು. ಇವರು ಕಣ್ಣಿಗೆ ಕಾಣುತ್ತಾರೆ ಎಂಬ ಕಾರಣಕ್ಕೆ ಹಳೆಯ ಪ್ರಶ್ನೆ ಮುಗಿಯಿತು ಎಂದುಕೊಳ್ಳಬಾರದು. ವಾಸ್ತುಶಿಲ್ಪ ಕಾಲೇಜುಗಳ ತರಗತಿಗಳಲ್ಲಿ ಈಗ ಹುಡುಗಿಯರಿಗೆ ಬರವಿಲ್ಲ. ಅವರಲ್ಲಿ ಎಷ್ಟು ಮಂದಿ ಹತ್ತು ವರ್ಷದ ಬಳಿಕ ಕಚೇರಿಯ ಬೋರ್ಡಿನ ಮೇಲಿರುತ್ತಾರೆ ಎಂಬುದು ಈಗಿನ ಪ್ರಶ್ನೆ.

ಹೊತ್ತವರು, ಸಾರಿಸಿದವರು

ಇಲ್ಲಿಯವರೆಗೆ ಹೇಳಿದವರೆಲ್ಲ ಓದಿದವರು ಅಥವಾ ಅರಮನೆಯವರು. ಇದಕ್ಕಿಂತ ದೊಡ್ಡ ಮರೆವು ಕಟ್ಟಡದ ಕೆಲಸದ ಜಾಗದಲ್ಲೇ ಇದೆ. ಬೆಂಗಳೂರಿನ ಯಾವುದೇ ಕಟ್ಟಡದ ಮುಂದೆ ನಿಂತರೆ ಕಲಬುರಗಿ, ಯಾದಗಿರಿ, ರಾಯಚೂರಿನ ಕಡೆಯಿಂದ ಬಂದ ಹೆಂಗಸರು ತಲೆಯ ಮೇಲೆ ಸಿಂಬೆ ಇಟ್ಟು ಬಾಂಡ್ಲಿ ಹೊರುವುದು ಕಾಣುತ್ತದೆ. ಕರಣೆ ಮತ್ತು ತೂಗುಗುಂಡು ಗಂಡಸಿನ ಕೈಯಲ್ಲಿ. ಅವನು ಕೈಯಾಳಾಗಿ ಬಂದು ನಾಲ್ಕೈದು ವರ್ಷಕ್ಕೆ ಗಾರೆಯವನಾಗುತ್ತಾನೆ, ಆಮೇಲೆ ಮೇಸ್ತ್ರಿ. ಅವಳು ಇಪ್ಪತ್ತು ವರ್ಷ ದುಡಿದರೂ ಕೈಯಾಳೇ. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾಯ್ದೆ 1976ರಲ್ಲೇ ಬಂತು. ಕೆಲಸವನ್ನೇ ಬೇರೆ ಎಂದು ಎಣಿಸಿದರೆ ಕಾಯ್ದೆಗೆ ಹಿಡಿಯಲು ಏನೂ ಸಿಗುವುದಿಲ್ಲ.

ಹೊಸ ಗೋಡೆಗೆ, ಮೋಲ್ಡಿಗೆ ನೀರು ಹಾಕುವ ಕ್ಯೂರಿಂಗ್ ಕೆಲಸವನ್ನು ನೋಡಿ. ಬಹಳ ಕಡೆ ಅದು ಕಟ್ಟಡದ ಶೆಡ್ಡಿನಲ್ಲಿರುವ ವಾಚ್‌ಮನ್ನನ ಹೆಂಡತಿಯ ಪಾಲಿಗೆ ಬರುತ್ತದೆ. ಕಾಂಕ್ರೀಟು ಗಟ್ಟಿಯಾಗುವುದು ಸಿಮೆಂಟು ಮತ್ತು ನೀರಿನ ನಡುವಿನ ರಾಸಾಯನಿಕ ಕ್ರಿಯೆಯಿಂದ. ಮೊದಲ ವಾರದಲ್ಲಿ ಅದು ಒಣಗಿಬಿಟ್ಟರೆ ಬಿರುಕು ಬಿಡುತ್ತದೆ, ಎಂಜಿನಿಯರು ಲೆಕ್ಕ ಹಾಕಿದ ಬಲ ಬರುವುದಿಲ್ಲ. ಬೆಳಗ್ಗೆ ಸಂಜೆ ಪೈಪು ಹಿಡಿದು, ಗೋಣಿತಾಟು ನೆನೆಸಿ ಮೋಲ್ಡನ್ನು ತೇವವಾಗಿಡುವವಳ ಕೈಯಲ್ಲಿ ಆ ಕಟ್ಟಡದ ಆಯಸ್ಸು ಇದೆ. ಅವಳ ಕೆಲಸ ಕೂಲಿಯ ಪುಸ್ತಕದಲ್ಲೂ ಎಷ್ಟೋ ಸಲ ಬರುವುದಿಲ್ಲ.

ಹಳ್ಳಿಯ ಮಣ್ಣಿನ ಮನೆಗಳ ಲೆಕ್ಕವೂ ಹೀಗೇ. ಮಣ್ಣಿನ ಗೋಡೆ ಒಂದು ಸಲ ಕಟ್ಟಿ ಬಿಡುವಂಥದ್ದಲ್ಲ. ಪ್ರತಿ ಮಳೆಗಾಲದ ಬಳಿಕ ಬಿರುಕು ಮುಚ್ಚಿ, ಮಣ್ಣು ಮೆತ್ತಿ, ಸಗಣಿ ಸಾರಿಸಿದರಷ್ಟೇ ನಿಲ್ಲುತ್ತದೆ. ಸಾಗರ, ಸೊರಬದ ಕಡೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಗೆರೆಗೆ ಗೆರೆ ತಾಗದೆ ಎಳೆಯುವ ಆ ಜ್ಯಾಮಿತಿ ತಾಯಿಯಿಂದ ಮಗಳಿಗೆ ಬಂದದ್ದು. ನಾವು ಅದನ್ನು ಜಾನಪದ ಕಲೆ ಎಂದು ಕ್ಯಾನ್ವಾಸಿಗೆ ಇಳಿಸಿ ಮಾರುತ್ತೇವೆ. ಗೋಡೆಯ ಕೆಲಸದ ಭಾಗವಾಗಿ, ಕಟ್ಟುವ ವಿದ್ಯೆಯಾಗಿ ನೋಡುವುದಿಲ್ಲ. ಬುರ್ಕಿನಾ ಫಾಸೊ ದೇಶದ ತಿಯೆಬೆಲೆಯಲ್ಲಿ ಮಣ್ಣಿನ ಮನೆಗಳ ಗೋಡೆಗೆ ಬಣ್ಣದ ವಿನ್ಯಾಸ ಹಾಕುವ ಕೆಲಸ ಕಸೇನ ಹೆಂಗಸರದು. ಅಲ್ಲಿನ ಅರಮನೆ ಆವರಣ 2024ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಆ ಹೆಂಗಸರ ಪಾಲೂ ಮನ್ನಣೆಗೆ ಬಂತು. ಚರಿತ್ರೆ ಕಟ್ಟಡದ ಹುಟ್ಟಿದ ದಿನವನ್ನಷ್ಟೇ ಬರೆದರೆ ಅದನ್ನು ಬದುಕಿಸಿದವರು ಯಾವಾಗಲೂ ಹೊರಗೇ ಉಳಿಯುತ್ತಾರೆ.

ಮರುಓದಿನ ದಾರಿ

1970ರ ದಶಕದಲ್ಲಿ ಅಮೆರಿಕದಲ್ಲಿ ಈ ಮರುಓದು ಶುರುವಾಯಿತು. ಸುಸಾನಾ ಟೊರೆ 1977ರಲ್ಲಿ ಮಹಿಳಾ ವಾಸ್ತುಶಿಲ್ಪಿಗಳ ದೊಡ್ಡ ಪ್ರದರ್ಶನ ಮತ್ತು ಪುಸ್ತಕ ತಂದಳು. ಡೊಲೊರೆಸ್ ಹೇಡನ್ 1981ರ ಪುಸ್ತಕದಲ್ಲಿ ಅಡುಗೆಮನೆ, ಮನೆಗೆಲಸ, ನೆರೆಹೊರೆಗಳ ವಿನ್ಯಾಸವನ್ನೇ ಚರಿತ್ರೆಯ ವಸ್ತು ಮಾಡಿದಳು. ಭಾರತದಲ್ಲಿ ಮಾಧವಿ ದೇಸಾಯಿ, ಮೇರಿ ವುಡ್ಸ್ ಅವರ ಪುಸ್ತಕಗಳು ಕಳೆದ ದಶಕದಲ್ಲಿ ಬಂದವು. ಮೊದಲ ಹಂತದವರು ಬಿಟ್ಟುಹೋದ ಹೆಸರುಗಳನ್ನು ಸೇರಿಸಿದರು, ಆಮೇಲಿನವರು ಹೆಸರು ಬಿಟ್ಟುಹೋಗುವ ವ್ಯವಸ್ಥೆಯನ್ನೇ ಪ್ರಶ್ನಿಸಿದರು. ಎರಡೂ ಬೇಕು.

ಅತಿರೇಕದ ಅಪಾಯವೂ ಉಂಟು. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಎಲಿಜಬೆತ್ ವಿಲ್ಬ್ರಹಾಂ ನಾನೂರು ಕಟ್ಟಡಗಳ ವಿನ್ಯಾಸ ಮಾಡಿದ್ದಳು, ಪ್ರಸಿದ್ಧ ವಾಸ್ತುಶಿಲ್ಪಿ ಕ್ರಿಸ್ಟೊಫರ್ ರೆನ್‌ಗೆ ಗುರುವಾಗಿದ್ದಳು ಎಂಬ ವಾದ ಬಂತು. ದಾಖಲೆಗಳು ಅಷ್ಟು ದೂರ ಬರುವುದಿಲ್ಲ ಎಂದು ಹಲವು ಇತಿಹಾಸಕಾರರು ಅದನ್ನು ಒಪ್ಪಲಿಲ್ಲ. ಅಳಿಸಿದ್ದನ್ನು ತುಂಬುವ ಆತುರದಲ್ಲಿ ಇಲ್ಲದ್ದನ್ನು ಬರೆದರೆ, ಇರುವ ಪುರಾವೆಯ ಬೆಲೆಯೂ ಹೋಗುತ್ತದೆ. ಲೋಕಮಹಾದೇವಿಗೆ, ಅತ್ತಿಮಬ್ಬೆಗೆ, ಮಿನೆಟ್‌ಗೆ ಕಲ್ಪನೆಯ ಸಹಾಯ ಬೇಕಿಲ್ಲ. ಶಾಸನವೂ ಕಟ್ಟಡವೂ ಅವರ ಪರವಾಗಿವೆ.

ಹಾಗಾದರೆ ಮಾಡಬೇಕಾದದ್ದು ಏನು? ದೊಡ್ಡ ಘೋಷಣೆಗಳು ಬೇಡ. ಸಿನಿಮಾ ಮುಗಿದ ಮೇಲೆ ಲೈಟ್‌ಬಾಯ್‌ನವರೆಗೆ ಎಲ್ಲರ ಹೆಸರು ತೆರೆಯ ಮೇಲೆ ಬರುತ್ತದೆ. ಕಟ್ಟಡಕ್ಕೂ ಅಂಥದೊಂದು ಪಟ್ಟಿ ಇರಲಿ. ನಕ್ಷೆ ಹಾಕಿದವರು, ರಚನೆಯ ಲೆಕ್ಕ ಮಾಡಿದವರು, ಒಳಾಂಗಣ ಮಾಡಿದವರು, ಗಾರೆಯವರು, ಕೈಯಾಳುಗಳು ಎಲ್ಲರೂ ಅದರಲ್ಲಿ ಬರಲಿ. ವಾಸ್ತುಶಿಲ್ಪಿಗಳ ಕಚೇರಿಗಳು ಹಳೆಯ ನಕ್ಷೆ, ಪತ್ರ, ಹಾಜರಿ ಪುಸ್ತಕಗಳನ್ನು ಸ್ಕ್ರ್ಯಾಪಿಗೆ ಹಾಕುವ ಮುಂಚೆ ಯಾವುದಾದರೂ ಗ್ರಂಥಾಲಯಕ್ಕೆ ಕೊಡಲಿ. ಚರಿತ್ರೆ ಬರೆಯುವವರಿಗೆ ಮುಂದೆ ಬೇಕಾಗುವುದು ಅದೇ. ಗಾರೆ ಕೆಲಸದ ತರಬೇತಿ ಹೆಂಗಸರಿಗೂ ಸಿಗಲಿ. ಅಹಮದಾಬಾದಿನ 'ಸೇವಾ' ಎಂಬ ಸಂಸ್ಥೆ, ಕೇರಳದ ಕುಟುಂಬಶ್ರೀ ಘಟಕಗಳು ಇದು ಆಗುವ ಕೆಲಸ ಎಂದು ತೋರಿಸಿವೆ.

ಕರ್ನಾಟಕದಲ್ಲಿ ಮಾಡಬಹುದಾದ ಕೆಲಸವಂತೂ ಇನ್ನೂ ಸುಲಭ, ಏಕೆಂದರೆ ಇಲ್ಲಿ ಹೊಸದಾಗಿ ಹುಡುಕಬೇಕಾದದ್ದು ಕಡಿಮೆ. ನಮ್ಮ ಶಾಸನಗಳನ್ನು ಓದಿ, ಅಚ್ಚು ಮಾಡಿ ನೂರಕ್ಕೂ ಹೆಚ್ಚು ವರ್ಷವಾಗಿದೆ. ಅವುಗಳಲ್ಲಿರುವ ಹೆಸರುಗಳು ಶಾಲೆಯ ಪಾಠಕ್ಕೆ, ದೇವಾಲಯದ ಮುಂದಿನ ಫಲಕಕ್ಕೆ, ಗೈಡುಗಳ ತರಬೇತಿಗೆ ಬರಬೇಕು, ಅಷ್ಟೇ. ಫಲಕದಲ್ಲಿ 'ವಿಕ್ರಮಾದಿತ್ಯನ ಕಾಲದ ದೇವಾಲಯ' ಎಂದು ಬರೆದರೆ ಅದು ಸುಳ್ಳಲ್ಲ, ಆದರೆ ಅರ್ಧ ನಿಜ. 'ಲೋಕಮಹಾದೇವಿ ಕಟ್ಟಿಸಿದ್ದು, ಸೂತ್ರಧಾರಿ ಗುಂಡ ಅನಿವಾರಿತಾಚಾರಿ' ಎಂದು ಬರೆಯಲು ಹೆಚ್ಚು ಜಾಗವೂ ಬೇಡ, ಹೊಸ ಸಂಶೋಧನೆಯೂ ಬೇಡ. ಹನ್ನೆರಡು ಶತಮಾನದ ಹಿಂದಿನ ಶಾಸನಕಾರ ಇಬ್ಬರ ಹೆಸರನ್ನೂ ಬರೆದಿಟ್ಟಿದ್ದಾನೆ, ನಾವು ನಕಲು ಮಾಡಿದರೆ ಸಾಕು.